ಹಳೇ ಸ್ಪೀಡ್‌ವೇ ಟ್ರ್ಯಾಕ್‌ಗಳು, ಅವೇ ಟ್ರಿಪ್‌ಗಳು: ನೋಡಿದವರು ಬರೆಯಿರಿ

ಬ್ರಾಂಡನ್ ಬೆಂಚು:

ಇಂಗ್ಲೆಂಡಿನಲ್ಲಿ ಸ್ಪೀಡ್‌ವೇ ಅನ್ನುವ ಬೈಕ್ ರೇಸ್ ನೋಡುತ್ತಿದ್ದ ಕನ್ನಡಿಗರು ಇಲ್ಲಿ ಯಾರಾದರೂ ಇದ್ದೀರಾ? ಕ್ರಿಕೆಟ್ ಬಗ್ಗೆ ದಿನಾ ಚರ್ಚೆ ನಡೆಯುತ್ತದೆ. ಇದರ ಬಗ್ಗೆ ಒಬ್ಬರೂ ಬರೆದಿದ್ದು ನಾನು ಕಂಡಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಕೊವೆಂಟ್ರಿ, ಲೆಸ್ಟರ್, ಮ್ಯಾಂಚೆಸ್ಟರ್, ರೆಡಿಂಗ್ ಕಡೆ ಕೆಲಸಕ್ಕೆ ಬಂದವರಲ್ಲಿ ಕೆಲವರಾದರೂ ಹೋಗಿರಲೇಬೇಕು. ನನಗೆ ಬೇಕಾಗಿರುವುದು ಎರಡು ನೆನಪು. ಈಗ ಇಲ್ಲದ ಟ್ರ್ಯಾಕ್‌ಗಳು, ಮತ್ತೆ ಸಪೋರ್ಟರ್ಸ್ ಕ್ಲಬ್ ಬಸ್ಸಿನಲ್ಲಿ ಹೋದ ಅವೇ (away) ಟ್ರಿಪ್‌ಗಳು, ಅಂದರೆ ಎದುರು ಟೀಮಿನ ಊರಿನ ಮ್ಯಾಚ್‌ಗಳು.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಮಣ್ಣಿನ ಅಂಡಾಕಾರದ ಟ್ರ್ಯಾಕ್, ನಾಲ್ಕು ಜನ ರೈಡರ್‌ಗಳು, ನಾಲ್ಕು ಸುತ್ತು. 500 ಸಿಸಿ ಬೈಕ್, ಒಂದೇ ಗೇರ್, ಬ್ರೇಕ್ ಇಲ್ಲವೇ ಇಲ್ಲ. ಪೆಟ್ರೋಲ್ ಬದಲು ಮೆಥನಾಲ್. ಸುಮಾರು ಒಂದು ನಿಮಿಷದಲ್ಲಿ ರೇಸ್ ಮುಗಿದುಹೋಗುತ್ತದೆ. ಮೊದಲು ಬಂದವನಿಗೆ 3 ಪಾಯಿಂಟ್, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಹೋಮ್ ಟೀಮಿನ ಇಬ್ಬರು ಕೆಂಪು, ನೀಲಿ ಹೆಲ್ಮೆಟ್ ಬಣ್ಣದಲ್ಲಿ ಇರುತ್ತಾರೆ, ಅವೇ ಟೀಮಿನ ಇಬ್ಬರು ಬಿಳಿ, ಹಳದಿಯಲ್ಲಿ. ಟೀಮಿಗೆ ಏಳು ಜನ. ನಮ್ಮ ಕಾಲದಲ್ಲಿ ಮ್ಯಾಚಿಗೆ 13 ರೇಸ್ ಇರುತ್ತಿದ್ದವು, ಈಗ 15.

ನಾನು ಕೊವೆಂಟ್ರಿ ಬೀಸ್ ಟೀಮಿನ ಕಡೆಯವನು. ಬ್ರಾಂಡನ್ ಸ್ಟೇಡಿಯಂ ನಮ್ಮ ಮನೆ. 1928ರಿಂದ ಅಲ್ಲಿ ಸ್ಪೀಡ್‌ವೇ ನಡೆದಿತ್ತು, 2016ರಲ್ಲಿ ನಿಂತುಹೋಯಿತು. ಓಲೆ ಓಲ್ಸೆನ್ ಇದ್ದಾಗ 1978, 1979 ಎರಡು ವರ್ಷವೂ ಲೀಗ್ ಗೆದ್ದೆವು. ಆ ಡೆನ್ಮಾರ್ಕ್ ಮನುಷ್ಯ ಗೇಟಿನಿಂದ (ಟೇಪ್ ಕಟ್ಟಿದ ಸ್ಟಾರ್ಟ್ ಗೆರೆಯಿಂದ) ಹೊರಡುವುದನ್ನು ನೋಡಲಿಕ್ಕೇ ಶನಿವಾರ ಬರಲಿ ಅಂತ ಕಾಯುತ್ತಿದ್ದೆ. ಆದರೆ ಈಗ ಕೂತು ಯೋಚಿಸಿದರೆ ಮನೆಯ ಮ್ಯಾಚ್‌ಗಳಿಗಿಂತ ಹೊರಗಿನ ಮ್ಯಾಚ್‌ಗಳೇ ಜಾಸ್ತಿ ನೆನಪಾಗುತ್ತವೆ. ಯಾಕೆ ಅಂತ ನನಗೆ ಅನ್ನಿಸುವುದು ಹೀಗೆ: ಒಂದು ಟ್ರ್ಯಾಕ್ ಇನ್ನೊಂದರ ಹಾಗೆ ಇರಲೇ ಇಲ್ಲ. ಬ್ರಾಂಡನ್‌ನಲ್ಲಿ ರಾಜನಾಗಿದ್ದವನು ಎಕ್ಸೆಟರ್‌ಗೆ ಹೋದರೆ ಮೊದಲ ತಿರುವಿನಲ್ಲೇ ತಡಬಡಾಯಿಸುತ್ತಿದ್ದ. ನಾವು ಅಷ್ಟು ದೂರ ಬಸ್ಸಿನಲ್ಲಿ ಹೋಗುತ್ತಿದ್ದದ್ದು ಅದನ್ನು ನೋಡಲಿಕ್ಕೆ. ನಮ್ಮವರು ಬೇರೆಯವರ ಮಣ್ಣಿನಲ್ಲಿ ಏನು ಮಾಡುತ್ತಾರೆ ಅಂತ.

ಮೈಸೂರು ಜಾವಾ:

ನಾನು ಒಂದು ಮ್ಯಾಚೂ ನೋಡಿದವನಲ್ಲ, ಆದರೂ ಬರೆಯುತ್ತೇನೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ನಮ್ಮ ತಂದೆ ಕೆಲಸ ಮಾಡಿದವರು. 1996ರಲ್ಲಿ ಅದು ಮುಚ್ಚುವವರೆಗೂ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಸ್ಪೀಡ್‌ವೇಯಲ್ಲೂ ಜಾವಾ ಬೈಕ್ ಓಡುತ್ತಿತ್ತು ಅಂತ ಅವರು ಹೇಳುತ್ತಿದ್ದರು. ಅದು ನಮ್ಮ ಜಾವಾನೇನಾ? ಇನ್ನೊಂದು, ಬ್ರೇಕ್ ಇಲ್ಲದೆ ತಿರುವಿನಲ್ಲಿ ಏನು ಮಾಡುತ್ತಾರೆ?

ಹೈಡ್ ರೋಡ್ ಡಾಕ್ಟರ್:

ನಿಮ್ಮ ತಂದೆ ಹೇಳಿದ್ದು ನಿಜ. ಜೆಕೊಸ್ಲೊವಾಕಿಯಾದ ದಿವಿಶೋವ್ ಅನ್ನುವ ಊರಿನಲ್ಲಿ ಎಸೊ ಅಂತ ಕಂಪನಿ ಇತ್ತು. ಸ್ಪೀಡ್‌ವೇ ಬೈಕ್ ಮಾಡುವುದೇ ಅವರ ಕಸುಬು. 1964ರಲ್ಲಿ ಅದು ಜಾವಾಕ್ಕೆ ಸೇರಿತು. ಅದಕ್ಕೂ ಮುಂಚೆ ಮೂವತ್ತು ವರ್ಷ ಇಲ್ಲಿ ಜ್ಯಾಪ್ ಎಂಜಿನ್‌ನದ್ದೇ ಆಳ್ವಿಕೆ. ನ್ಯೂಜಿಲೆಂಡಿನ ರೈಡರ್ ಬ್ಯಾರಿ ಬ್ರಿಗ್ಸ್ ಎಸೊವನ್ನು ಬ್ರಿಟನ್ನಿಗೆ ತಂದ ಮೇಲೆ ಅರವತ್ತರ ದಶಕ ಮುಗಿಯುವಷ್ಟರಲ್ಲಿ ಜ್ಯಾಪ್ ಮೂಲೆಗೆ ಬಿತ್ತು. ಮೈಸೂರಿನಲ್ಲಿ ಓಡಿದ್ದು ಎರಡು ಸ್ಟ್ರೋಕ್‌ನ 250, ಇದು ನಾಲ್ಕು ಸ್ಟ್ರೋಕ್‌ನ 500. ಎಂಜಿನ್ ಬೇರೆ, ಮನೆತನ ಒಂದೇ.

ಬ್ರೇಕ್ ವಿಷಯ. ನೇರ ದಾರಿ ಮುಗಿಯುವ ಮುಂಚೆಯೇ ರೈಡರ್ ಬೈಕನ್ನು ಎಡಕ್ಕೆ ಒರಗಿಸಿ ಹಿಂದಿನ ಚಕ್ರ ಜಾರಲು ಬಿಡುತ್ತಾನೆ. ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ, ಬೈಕ್ ಎಡಕ್ಕೆ ಹೋಗುತ್ತಿರುತ್ತದೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿರುತ್ತಾರೆ, ಅದು ನೆಲವನ್ನು ಉಜ್ಜಿಕೊಂಡೇ ಬರುತ್ತದೆ. ಉಳಿದಿದ್ದೆಲ್ಲ ಥ್ರಾಟಲ್ ಕೆಲಸ. ಬ್ರೇಕ್ ಇದ್ದಿದ್ದರೆ ಅಪಾಯ ಜಾಸ್ತಿಯಾಗುತ್ತಿತ್ತು, ಯಾಕೆಂದರೆ ಮುಂದಿನವನು ಇದ್ದಕ್ಕಿದ್ದಂತೆ ನಿಧಾನ ಮಾಡಿದರೆ ಹಿಂದಿನವನು ಅವನ ಮೇಲೇ ಬರುತ್ತಾನೆ.

ನನ್ನದು ಬೆಲ್ ವ್ಯೂ ಟೀಮ್. ಮ್ಯಾಂಚೆಸ್ಟರಿನ ಹೈಡ್ ರೋಡ್ ಸ್ಟೇಡಿಯಂ. ಅದರಂಥ ಟ್ರ್ಯಾಕ್ ಇನ್ನೊಂದು ಇರಲಿಲ್ಲ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅಗಲವಾದ, ಉದ್ದನೆಯ ತಿರುವುಗಳು. ಬೇರೆ ಕಡೆ ಗೇಟಿನಿಂದ ಮೊದಲು ಹೊರಟವನೇ ಗೆಲ್ಲುತ್ತಿದ್ದ. ಇಲ್ಲಿ ಕೊನೆಯಲ್ಲಿದ್ದವನೂ ಹೊರಗಿನ ಬೇಲಿ ಹಿಡಿದು ಬಂದು ಗೆಲ್ಲಬಹುದಿತ್ತು. ಪೀಟರ್ ಕಾಲಿನ್ಸ್ ಅದನ್ನೇ ಮಾಡುತ್ತಿದ್ದ. ನಮ್ಮ ಊರ ಕಡೆಯ ಹುಡುಗ, 1976ರಲ್ಲಿ ವಿಶ್ವ ಚಾಂಪಿಯನ್. ಬೇಲಿಗೂ ಅವನ ಹ್ಯಾಂಡಲ್‌ಬಾರಿಗೂ ನಡುವೆ ಒಂದು ಕೈ ಅಂತರ ಇರುತ್ತಿರಲಿಲ್ಲ. ಎದುರು ಟೀಮಿನ ಅಭಿಮಾನಿಗಳೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಆ ಜಾಗ ಮೊದಲು ದೊಡ್ಡ ಮನರಂಜನೆ ಪಾರ್ಕಿನ ಭಾಗ. ಮೃಗಾಲಯವೂ ಅಲ್ಲೇ ಇತ್ತು, 1977ರಲ್ಲಿ ಅದನ್ನು ಮುಚ್ಚಿದರು. ಸ್ಪೀಡ್‌ವೇ ಇನ್ನೂ ಹತ್ತು ವರ್ಷ ಉಳಿಯಿತು. ಕೊನೆಯ ಮ್ಯಾಚ್ 1987ರ ನವೆಂಬರ್ 1, ಎದುರಾಳಿ ಕ್ರೇಡ್ಲಿ ಹೀತ್. ಈಗ ಅಲ್ಲಿ ಕಾರ್ ಹರಾಜು ನಡೆಯುತ್ತದೆ. ಆ ರಸ್ತೆಯಲ್ಲಿ ಹೋದಾಗಲೆಲ್ಲ ಸಾಲಾಗಿ ನಿಂತ ಕಾರುಗಳನ್ನು ನೋಡಿ ಮೂರನೇ ತಿರುವು ಎಲ್ಲಿತ್ತು ಅಂತ ಲೆಕ್ಕ ಹಾಕುತ್ತೇನೆ.

ಬ್ರಾಂಡನ್ ಬೆಂಚು:

ಡಾಕ್ಟ್ರೇ, ಹೈಡ್ ರೋಡ್ ವಿಷಯದಲ್ಲಿ ನಾನು ಜಗಳ ಆಡುವುದಿಲ್ಲ. ಅಲ್ಲಿ ಬಂದು ಸೋತಾಗಲೂ ಟಿಕೆಟ್ ದುಡ್ಡು ವಸೂಲಾಗುತ್ತಿತ್ತು. ಆದರೆ ಎದೆ ಡವಡವ ಅನ್ನಿಸಬೇಕು ಅಂದರೆ ಹ್ಯಾಲಿಫ್ಯಾಕ್ಸ್‌ಗೆ ಹೋಗಬೇಕಿತ್ತು. ದಿ ಶೇ ಅನ್ನುವ ಮೈದಾನ. ನಡುವೆ ಹ್ಯಾಲಿಫ್ಯಾಕ್ಸ್ ಟೌನ್‌ನ ಫುಟ್‌ಬಾಲ್ ಪಿಚ್, ಸುತ್ತ ಟ್ರ್ಯಾಕ್. ತಿರುವುಗಳು ಹೊರಗಡೆ ಎತ್ತರಕ್ಕೆ ಎದ್ದಿದ್ದವು. ಆ ಎತ್ತರದಿಂದ ಕೆಳಕ್ಕೆ ಬಿಟ್ಟರೆ ಬೈಕಿಗೆ ಬರುತ್ತಿದ್ದ ವೇಗ ನೋಡಿದವರಿಗೇ ಗೊತ್ತು. ಹೊಸಬ ಅವೇ ರೈಡರ್ ಅಲ್ಲಿ ಮೊದಲ ರೇಸಿನಲ್ಲಿ ಥ್ರಾಟಲ್ ಮುಚ್ಚುತ್ತಿದ್ದ. ಮುಚ್ಚಿದ್ದು ನಮಗೆ ಕಿವಿಯಲ್ಲೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಹ್ಯಾಲಿಫ್ಯಾಕ್ಸ್‌ನವರು ಇಬ್ಬರೂ ಮುಂದೆ ಹೋಗಿ ಆಗಿರುತ್ತಿತ್ತು. 1985ಕ್ಕೆ ಅಲ್ಲಿ ಮುಗಿಯಿತು, ಮುಂದಿನ ವರ್ಷ ಅವರು ಬ್ರಾಡ್‌ಫರ್ಡ್‌ನ ಓಡ್ಸಲ್‌ಗೆ ಹೋದರು.

ಬಸ್ಸು ಪೆನೈನ್ ಬೆಟ್ಟ ಹತ್ತುವಾಗ ಕಿಟಕಿಯಲ್ಲಿ ಮಂಜು. ಕೆಳಗೆ ಆ ಕಲ್ಲಿನ ಊರು. ಫ್ಲಡ್‌ಲೈಟ್ ಮೊದಲು ಕಾಣಬೇಕು, ಆಮೇಲೆ ಊರು. ಯಾರಾದರೂ ಒಬ್ಬರು "ಉರೀತಾ ಇದೆ" ಅಂತ ಕೂಗುತ್ತಿದ್ದರು. ಲೈಟ್ ಉರೀತಾ ಇದ್ದರೆ ಮಳೆಗೆ ಮ್ಯಾಚ್ ರದ್ದಾಗಿಲ್ಲ ಅಂತ ಅರ್ಥ. ಮೊಬೈಲ್ ಇಲ್ಲದ ಕಾಲ, ಬೇರೆ ಹೇಗೆ ತಿಳಿಯಬೇಕು?

ಫ್ಲಾಸ್ಕ್ ಕಾಫಿ:

ಮಳೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲೆಸ್ಟರಿನಲ್ಲಿ ನರ್ಸ್ ಆಗಿದ್ದೆ. ಬ್ಲ್ಯಾಕ್‌ಬರ್ಡ್ ರೋಡ್ ಸ್ಟೇಡಿಯಂ, ಮಂಗಳವಾರ ಸಂಜೆ. ವಾರ್ಡಿನಲ್ಲಿ ಜೊತೆಗಿದ್ದ ಹುಡುಗಿ ಒಂದು ಸಲ ಎಳೆದುಕೊಂಡು ಹೋದಳು, ಆಮೇಲೆ ನಾನೇ ಅವಳನ್ನು ಎಳೆದುಕೊಂಡು ಹೋಗುತ್ತಿದ್ದೆ. ಮೊದಲ ದಿನ ಮೂಗಿಗೆ ಬಡಿದದ್ದು ಸುಟ್ಟ ಹರಳೆಣ್ಣೆ ವಾಸನೆ. ಎಂಜಿನ್ನಿಗೆ ಕ್ಯಾಸ್ಟ್ರಾಲ್ ಆರ್ ಹಾಕುತ್ತಿದ್ದರು, ಅದು ಹರಳೆಣ್ಣೆಯಿಂದಲೇ ಮಾಡಿದ್ದು. ಸಾವಿರಾರು ಮೈಲಿ ದೂರದಲ್ಲಿ, ಚಳಿಯಲ್ಲಿ ನಿಂತು, ನಮ್ಮಜ್ಜಿ ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ ಬಂದರೆ ಹೇಗಾಗಬೇಡ?

ಇನ್ನೊಂದು ಮಾತು ಬರೆಯಲೇಬೇಕು. ಆ ಕಾಲದಲ್ಲಿ ಫುಟ್‌ಬಾಲ್ ಮ್ಯಾಚಿಗೆ ಹೋಗಲು ನಮ್ಮಂಥವರಿಗೆ ಧೈರ್ಯ ಬರುತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತರೇ ಏನಾದರೂ ಅನ್ನುವವರು ಇದ್ದರು. ಸ್ಪೀಡ್‌ವೇಯಲ್ಲಿ ಎರಡು ಟೀಮಿನ ಅಭಿಮಾನಿಗಳನ್ನು ಬೇರೆ ಬೇರೆ ಮಾಡುವ ಬೇಲಿಯೇ ಇರಲಿಲ್ಲ. ಅಜ್ಜಿ, ಮೊಮ್ಮಗ, ಸೊಸೆ ಎಲ್ಲ ಒಟ್ಟಿಗೆ ಬರುತ್ತಿದ್ದರು. ನಮ್ಮ ಪಕ್ಕದಲ್ಲೇ ಎದುರು ಟೀಮಿನವರು ನಿಂತು ಕೂಗುತ್ತಿದ್ದರು, ರೇಸ್ ಮುಗಿದ ಮೇಲೆ "ನಿಮ್ಮ ಪ್ರೋಗ್ರಾಂ ಪುಸ್ತಕದಲ್ಲಿ ಟೈಮ್ ಎಷ್ಟು ಬರೆದುಕೊಂಡಿರಿ?" ಅಂತ ನಮ್ಮನ್ನೇ ಕೇಳುತ್ತಿದ್ದರು. ಸೀರೆ ಮೇಲೆ ಕೋಟು ಹಾಕಿಕೊಂಡು, ಕುತ್ತಿಗೆಗೆ ನಮ್ಮ ಲೆಸ್ಟರ್ ಲಯನ್ಸ್ ಟೀಮಿನ ಸ್ಕಾರ್ಫ್ ಸುತ್ತಿಕೊಂಡು ನಿಂತ ನನ್ನನ್ನು ಅಲ್ಲಿ ಯಾರೂ ಬೇರೆಯವಳು ಅಂತ ನೋಡಲಿಲ್ಲ. ಈ ದೇಶದಲ್ಲಿ ನನ್ನದು ಅನ್ನಿಸಿದ ಮೊದಲ ಜಾಗ ಅದು.

ಅವೇ ಟ್ರಿಪ್ ಅಂದರೆ ನನಗೆ ಹಲ್. ಬೌಲ್‌ವಾರ್ಡ್ ಮೈದಾನ, ರಗ್ಬಿ ಲೀಗ್‌ನವರದ್ದು, ಬುಧವಾರದ ಮ್ಯಾಚ್. ನೈಟ್ ಡ್ಯೂಟಿ ಬದಲಾಯಿಸಿಕೊಂಡು ಹೊರಟೆವು. ಚಿತ್ರಾನ್ನ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ. ದಾರಿಯುದ್ದಕ್ಕೂ ಬಿಸಿಲು. ಹಲ್ ಬಂತು, ಮೋಡ ಬಂತು. ಎರಡು ರೇಸ್ ಆಯಿತು, ಮಳೆ ಸುರಿಯಿತು. ರೆಫರಿ ಛತ್ರಿ ಹಿಡಿದು ಟ್ರ್ಯಾಕ್ ಮೇಲೆ ನಡೆದರು, ಹಿಮ್ಮಡಿಯಿಂದ ಒತ್ತಿ ನೋಡಿದರು, ಕ್ಯಾಪ್ಟನ್‌ಗಳ ಹತ್ತಿರ ಮಾತಾಡಿದರು, ಆಮೇಲೆ ಕೈ ಅಲ್ಲಾಡಿಸಿದರು. ಮ್ಯಾಚ್ ರದ್ದು. ಮುಂದಿನ ಸಲ ಒಳಗೆ ಬಿಡಲು ಚೀಟಿ ಕೊಟ್ಟರು. ಹಲ್‌ನವರಿಗೆ ಅದು ಅನುಕೂಲ. ನಾವು ಲೆಸ್ಟರಿನಿಂದ ಮತ್ತೆ ಯಾವಾಗ ಬರಬೇಕು? ಬಸ್ಸಿನಲ್ಲಿ ಎಲ್ಲರ ಕಾಲೂ ಒದ್ದೆ. ಚಿತ್ರಾನ್ನ ಡಬ್ಬಿ ತೆರೆದು ಹಿಂದಿನ ಸೀಟಿಗೂ ಕೊಟ್ಟೆ. ಸಾಸಿವೆ, ಕಡ್ಲೆಬೇಳೆ ಒಂದೂ ಉಳಿಯಲಿಲ್ಲ. ಆಮೇಲಿನ ಟ್ರಿಪ್‌ಗಳಲ್ಲಿ "ಹಳದಿ ಅನ್ನ ತಂದಿದ್ದೀಯಾ?" ಅಂತಲೇ ನನ್ನನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಿದ್ದರು.

1983ರಲ್ಲಿ ಬ್ಲ್ಯಾಕ್‌ಬರ್ಡ್ ರೋಡ್ ಮಾರಾಟವಾಯಿತು. ಮನೆಗಳು ಬಂದವು. 2011ರಲ್ಲಿ ಲೆಸ್ಟರಿಗೆ ಬ್ಯೂಮಾಂಟ್ ಪಾರ್ಕ್‌ನಲ್ಲಿ ಹೊಸ ಟ್ರ್ಯಾಕ್ ಆಯಿತು, ಖುಷಿಯಾಯಿತು. ನಡುವಿನ ಅಷ್ಟೂ ವರ್ಷ ಮಂಗಳವಾರ ಸಂಜೆ ಏನು ಮಾಡಬೇಕು ಅಂತ ತಿಳಿಯುತ್ತಿರಲಿಲ್ಲ.

ಡೆವನ್ ಕಡೆಯವ:

ಎಕ್ಸೆಟರ್ ಹೆಸರು ಬಂತು, ಇನ್ನು ಸುಮ್ಮನಿರಲು ಆಗುವುದಿಲ್ಲ.

ಕೌಂಟಿ ಗ್ರೌಂಡ್. ಸುತ್ತು ಹತ್ತಿರ ಹತ್ತಿರ 400 ಮೀಟರ್. ಈಸ್ಟ್‌ಬೋರ್ನ್‌ನ ಆರ್ಲಿಂಗ್ಟನ್ ಸುಮಾರು 275 ಮೀಟರ್. ಎರಡೂ ಒಂದೇ ಆಟದ ಟ್ರ್ಯಾಕ್ ಅಂದರೆ ನಂಬುತ್ತೀರಾ? ಅದಕ್ಕೇ ಅವೇ ರೈಡರ್‌ಗಳು ವ್ಯಾನಿನಲ್ಲಿ ಬೇರೆ ಬೇರೆ ಹಲ್ಲಿನ ಸ್ಪ್ರಾಕೆಟ್‌ಗಳನ್ನು ತರುತ್ತಿದ್ದರು. ಬೈಕಿಗೆ ಒಂದೇ ಗೇರ್ ತಾನೆ? ಉದ್ದ ಟ್ರ್ಯಾಕಿಗೆ ಒಂದು, ಗಿಡ್ಡ ಟ್ರ್ಯಾಕಿಗೆ ಇನ್ನೊಂದು ಹಾಕಿಕೊಳ್ಳಬೇಕು. ನಮ್ಮಲ್ಲಿಗೆ ಬಂದವರು ಮೊದಲ ರೇಸ್ ಸೋತು ಪಿಟ್ಸಿಗೆ (ಬೈಕ್ ಸರಿಮಾಡುವ ಜಾಗಕ್ಕೆ) ಓಡಿ ಚೈನ್ ಬಿಚ್ಚುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದರೆ ಅವರನ್ನು ಹೆದರಿಸುತ್ತಿದ್ದದ್ದು ಉದ್ದ ಅಲ್ಲ, ಬೇಲಿ. ಬೇರೆ ಕಡೆ ಮರದ ಹಲಗೆ, ಇಲ್ಲ ಬಗ್ಗುವ ತಂತಿ ಬಲೆ ಇರುತ್ತಿತ್ತು. ನಮ್ಮದು ಉಕ್ಕಿನ ತಗಡು. ಬೈಕ್ ತಾಗಿದರೆ ಸ್ಟೇಡಿಯಂ ಪೂರ್ತಿ ಗಂಟೆ ಬಾರಿಸಿದಷ್ಟು ಸದ್ದು. ನಮ್ಮ ಹುಡುಗರಿಗೆ ಅದು ಅಭ್ಯಾಸ, ಬೇಲಿಯ ಪಕ್ಕದಲ್ಲೇ ಪೂರ್ತಿ ಥ್ರಾಟಲ್. ಬಂದವರು ಒಂದು ಗಜ ಒಳಗೆ ಓಡಿಸುತ್ತಿದ್ದರು, ಆ ಒಂದು ಗಜದಲ್ಲಿ ಮ್ಯಾಚ್ ಹೋಗುತ್ತಿತ್ತು. ಐವನ್ ಮಾಗರ್ ನಮ್ಮಲ್ಲಿ ಇದ್ದಾಗ, 1974ರಲ್ಲಿ, ಲೀಗ್ ಗೆದ್ದೆವು. ಒಟ್ಟು ಆರು ಸಲ ವಿಶ್ವ ಚಾಂಪಿಯನ್ ಆದ ಮನುಷ್ಯ ಸೋಮವಾರ ಸೋಮವಾರ ನಮ್ಮೂರಿನ ರಗ್ಬಿ ಮೈದಾನದಲ್ಲಿ ಓಡಿಸುತ್ತಿದ್ದ ಅನ್ನುವುದು ಈಗ ಹೇಳಿದರೆ ಕಟ್ಟುಕಥೆ ಅನ್ನಿಸುತ್ತದೆ. 2005ರಲ್ಲಿ ನಿಂತಿತು. ಈಗ ಮನೆಗಳು.

ಬ್ರಾಂಡನ್ ಬೆಂಚು:

ಆ ಎಕ್ಸೆಟರ್ ಟ್ರಿಪ್! ಎಂ5 ಹೆದ್ದಾರಿ ಇನ್ನೂ ಪೂರ್ತಿ ಆಗಿರದ ಕಾಲದಲ್ಲೂ ಹೋಗಿದ್ದೇವೆ. ಸೋಮವಾರ ಮಧ್ಯಾಹ್ನ ಶಿಫ್ಟ್ ಬಿಟ್ಟು ಹೊರಟರೆ ಮಂಗಳವಾರ ಬೆಳಗಿನ ಜಾವ ವಾಪಸ್. ನೇರ ಫ್ಯಾಕ್ಟರಿಗೆ. ಒಂದು ಸಲ ವಾಪಸ್ ಬರುವಾಗ ಬಸ್ಸಿನ ಫ್ಯಾನ್ ಬೆಲ್ಟ್ ಹೋಯಿತು. ಬಾಡಿಗೆ ಬಸ್ಸು, ಡ್ರೈವರಿಗೂ ಗೊತ್ತಿಲ್ಲ, ಫೋನ್ ಬೂತ್ ಹುಡುಕಲು ಮೂರು ಜನ ಕತ್ತಲಲ್ಲಿ ನಡೆದರು. ಉಳಿದವರು ರಸ್ತೆ ಪಕ್ಕ ನಿಂತು ಹನ್ನೆರಡನೇ ರೇಸಿನಲ್ಲಿ ತಪ್ಪು ಯಾರದ್ದು ಅಂತ ವಾದ ಮಾಡಿದೆವು. ಬಸ್ಸಿಗೆ ಬೇರೆ ಬೆಲ್ಟ್ ಸಿಕ್ಕಿ ಹೊರಟಾಗಲೂ ವಾದ ಮುಗಿದಿರಲಿಲ್ಲ.

ಆ ಬಸ್ಸುಗಳ ಬಗ್ಗೆ ಇನ್ನಷ್ಟು ಬರೆಯಬೇಕು. ಹೆಸರು ಬರೆಸುವುದು ಸ್ಟೇಡಿಯಂನ ಟ್ರ್ಯಾಕ್ ಶಾಪಿನ ಪಕ್ಕದ ಮೇಜಿನಲ್ಲಿ. ಒಬ್ಬ ಹೆಂಗಸು ರೂಲ್ಡ್ ಪುಸ್ತಕ ಇಟ್ಟುಕೊಂಡು ಕೂತಿರುತ್ತಿದ್ದರು. ದುಡ್ಡು ಕೊಟ್ಟರೆ ಸೀಟ್ ನಂಬರ್. ಮುಂದಿನ ಸೀಟುಗಳಲ್ಲಿ ವಯಸ್ಸಾದವರು, ಹಿಂದೆ ಏರ್ ಹಾರ್ನ್ ಹಿಡಿದ ಹುಡುಗರು. ಎಲ್ಲರ ಕೋಟಿನ ಮೇಲೂ ಬ್ಯಾಡ್ಜ್‌ಗಳು. ಟೀಮಿನ ಬ್ಯಾಡ್ಜಿನ ಕೆಳಗೆ ಪ್ರತಿ ವರ್ಷಕ್ಕೂ ಒಂದು ಪುಟ್ಟ ಪಟ್ಟಿ ಸೇರಿಸುತ್ತಿದ್ದರು, ಆ ಸಾಲು ನೋಡಿದರೆ ಈ ಮನುಷ್ಯ ಎಷ್ಟು ಹಳಬ ಅಂತ ತಿಳಿಯುತ್ತಿತ್ತು. ಊರು ತಲುಪಿದ ಕೂಡಲೇ ಚಿಪ್ಸ್ ಅಂಗಡಿಗೆ. ಆಮೇಲೆ ಪ್ರೋಗ್ರಾಂ ಕೊಳ್ಳಬೇಕು. ನಾನು ಪೆನ್ಸಿಲ್‌ನಲ್ಲೇ ಬರೆಯುತ್ತಿದ್ದೆ, ತೇವಕ್ಕೆ ಪೆನ್ನು ಓಡುತ್ತಿರಲಿಲ್ಲ. ಹ್ಯಾಲಿಫ್ಯಾಕ್ಸ್‌ನ ಒಂದು ಪ್ರೋಗ್ರಾಂ ಈಗಲೂ ಇದೆ. ಏಳನೇ ರೇಸಿನ ಚೌಕದ ಮೇಲೆ ಕೆಂಪು ಮಣ್ಣಿನ ಚುಕ್ಕೆಗಳು. ಅದರ ಕೆಳಗೆ ನಾನು ಬರೆದ "ಎಫ್" ಕಾಣುತ್ತದೆ. ಎಫ್ ಅಂದರೆ ಬಿದ್ದ. ಎಕ್ಸ್ ಅಂದರೆ ರೆಫರಿ ಹೊರಗೆ ಹಾಕಿದ. ಇ ಎಫ್ ಅಂದರೆ ಎಂಜಿನ್ ಕೈಕೊಟ್ಟಿತು.

ಆ ಮಣ್ಣಿನ ವಿಷಯ. ತಿರುವಿನಲ್ಲಿ ನಿಂತವರ ಮೇಲೆ ಕಂಬಳದ ಗದ್ದೆ ಬದಿಯಲ್ಲಿ ನಿಂತ ಹಾಗೆ ಎರಚುತ್ತಿತ್ತು. ಚಹಾ ಕಪ್ಪಿನ ಮೇಲೆ ಪ್ರೋಗ್ರಾಂ ಮುಚ್ಚಿಕೊಳ್ಳುತ್ತಿದ್ದೆವು. ಈಗ ಹಿಂದಿನ ಚಕ್ರಕ್ಕೆ ಡರ್ಟ್ ಡಿಫ್ಲೆಕ್ಟರ್ ಕಡ್ಡಾಯ, ಮಣ್ಣು ಅಷ್ಟು ಹಾರುವುದಿಲ್ಲ.

ಎರಡನೇ ತಲೆಮಾರು:

ನಾನು ಲಂಡನ್ನಿನಲ್ಲೇ ಹುಟ್ಟಿದವಳು. ಕನ್ನಡ ಓದಲು ಅಮ್ಮ ಕಲಿಸಿದರು. ಅಪ್ಪ ಪ್ಲೋ ಲೇನ್‌ನಲ್ಲಿ ವಿಂಬಲ್ಡನ್ ಡಾನ್ಸ್ ಅನ್ನುವ ಟೀಮಿನ ಸ್ಪೀಡ್‌ವೇ ನೋಡುತ್ತಿದ್ದರಂತೆ, ಗುರುವಾರ ಗುರುವಾರ. ಆ ಸ್ಟೇಡಿಯಂ ಕೆಡವಿದ ಜಾಗದಲ್ಲಿ 2020ರಲ್ಲಿ ಎಎಫ್‌ಸಿ ವಿಂಬಲ್ಡನ್ ಫುಟ್‌ಬಾಲ್ ಮೈದಾನ ಬಂತು. ಕೊನೆಗೂ ಅಲ್ಲಿ ಏನೋ ಒಂದು ಆಟ ಉಳಿಯಿತಲ್ಲ ಅಂತ ಅಪ್ಪ ಅನ್ನುತ್ತಾರೆ.

ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ. ನಾನು ಪೂರ್ವ ಲಂಡನ್ನಿನ ಕಸ್ಟಮ್ ಹೌಸ್ ಹತ್ತಿರ ಕೆಲಸ ಮಾಡುತ್ತೇನೆ. ಅಲ್ಲಿ ಹಾಸ್ಕಿನ್ಸ್ ಕ್ಲೋಸ್, ಆಟ್ಕಿನ್ಸನ್ ರೋಡ್, ಕ್ರೂಂಬ್ಸ್ ರೋಡ್ ಅಂತ ರಸ್ತೆಗಳಿವೆ. ಊಟದ ಹೊತ್ತಿಗೆ ದಿನಾ ನಡೆಯುವ ದಾರಿ. ಅವೆಲ್ಲ ವೆಸ್ಟ್ ಹ್ಯಾಮ್ ಸ್ಪೀಡ್‌ವೇಯವರ ಹೆಸರು ಅಂತ ಅಪ್ಪ ಹೇಳಿದ ಮೇಲೇ ತಿಳಿದದ್ದು. 1972ರಲ್ಲಿ ಆ ಸ್ಟೇಡಿಯಂ ಮುಚ್ಚಿ ಮನೆಗಳನ್ನು ಕಟ್ಟಿದಾಗ ರೈಡರ್‌ಗಳ ಹೆಸರನ್ನೂ, ಪ್ರಮೋಟರ್ ಜಾನಿ ಹಾಸ್ಕಿನ್ಸ್ ಹೆಸರನ್ನೂ ರಸ್ತೆಗಳಿಗೆ ಇಟ್ಟಿದ್ದಾರೆ. ಹಾಸ್ಕಿನ್ಸ್ ಅಂದರೆ 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್‌ನಲ್ಲಿ ಈ ಆಟ ಶುರು ಮಾಡಿದವರಲ್ಲಿ ಒಬ್ಬರು, ಅಲ್ವಾ?

ಹೈಡ್ ರೋಡ್ ಡಾಕ್ಟರ್:

ಹೌದು, ಅವರೇ. ಬ್ರಿಟನ್ನಿನಲ್ಲಿ ಶುರುವಾದದ್ದು 1928ರ ಫೆಬ್ರವರಿ 19, ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಅನ್ನುವ ಪಬ್ಬಿನ ಹಿಂದೆ. ಕೆಲವೇ ಸಾವಿರ ಜನ ಬರುತ್ತಾರೆ ಅಂದುಕೊಂಡಿದ್ದ ಕಡೆ ಅದರ ಎಷ್ಟೋ ಪಟ್ಟು ಬಂದರಂತೆ. ಪಬ್ಬು ಈಗಲೂ ಇದೆ. ನಿಮಗೆ ಹತ್ತಿರ, ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗಿ.

ವಾಸ್ತವವಾದಿ:

ಎಲ್ಲ ಓದಿದೆ. ನಾನೂ ಕ್ರೇಡ್ಲಿ ಹೀತ್ ನೋಡಿದವನು. ಒಂದು ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಎತ್ತುತ್ತೇನೆ. ಉಕ್ಕಿನ ಬೇಲಿ, ಎತ್ತರದ ತಿರುವು ಅಂತ ಹೊಗಳುತ್ತಿದ್ದೀರಿ. ಆ ಬೇಲಿಗಳಿಗೆ ಬಡಿದು ಎಷ್ಟು ಜನ ಹುಡುಗರ ಬೆನ್ನು ಮುರಿಯಿತು? ಪೀಟರ್ ಕ್ರೇವನ್ ಎರಡು ಸಲ ವಿಶ್ವ ಚಾಂಪಿಯನ್, 1955, 1962. 1963ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೋದಲ್ಲಿ ಮುಂದಿದ್ದವನನ್ನು ತಪ್ಪಿಸಲು ಹೋಗಿ ಬೇಲಿಗೆ ಬಡಿದು, ನಾಲ್ಕು ದಿನಕ್ಕೆ ತೀರಿಕೊಂಡರು. ನಮ್ಮ ಎರಿಕ್ ಗುಂಡರ್ಸನ್ ಮೂರು ಸಲ ಗೆದ್ದವನು. 1989ರಲ್ಲಿ ಓಡ್ಸಲ್‌ನಲ್ಲಿ ವಿಶ್ವ ತಂಡ ಫೈನಲ್‌ನ ಮೊದಲ ರೇಸಿನ ಮೊದಲ ತಿರುವಿನಲ್ಲೇ ಬಿದ್ದ. ಮತ್ತೆ ಬೈಕ್ ಹತ್ತಲಿಲ್ಲ. ಈಗ ಗಾಳಿ ತುಂಬಿದ ಬೇಲಿ ಬಂದಿದೆ. ಅದು ಮುಂಚೆಯೇ ಬರಬೇಕಿತ್ತು. ಹಳೆಯದೆಲ್ಲ ಒಳ್ಳೆಯದು ಅನ್ನಬೇಡಿ.

ಡೆವನ್ ಕಡೆಯವ:

ಒಪ್ಪುತ್ತೇನೆ. ಗಾಳಿ ಬೇಲಿ ಇಲ್ಲದ ಕಡೆ ನನ್ನ ಮಗನನ್ನು ನಾನು ಓಡಿಸಲು ಬಿಡುವುದಿಲ್ಲ. ಉಕ್ಕಿನ ತಗಡು ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಉದ್ದ, ಅಗಲ, ತಿರುವಿನ ಏರು, ಮಣ್ಣಿನ ಗುಣ, ಇವು ಊರಿಂದ ಊರಿಗೆ ಬೇರೆ ಇದ್ದವಲ್ಲ, ಅದು ಹೋಗಿದ್ದಕ್ಕೆ ನನ್ನ ಬೇಸರ.

ಬ್ರಾಂಡನ್ ಬೆಂಚು:

ಡೆವನ್ ಅವರ ಮಾತೇ ನನ್ನದೂ. ವಾಸ್ತವವಾದಿ ಅವರೇ, ಗುಂಡರ್ಸನ್ ಬಿದ್ದ ಸುದ್ದಿ ಬಂದ ದಿನ ಕೊವೆಂಟ್ರಿಯವರೂ ಅತ್ತಿದ್ದೇವೆ. ಎದುರಾಳಿ ಅನ್ನುವುದೆಲ್ಲ ಹದಿಮೂರು ರೇಸಿನ ಮಟ್ಟಿಗೆ.

ಕ್ರೇಡ್ಲಿ ಅಂದ ಕೂಡಲೇ 1981ರ ವೆಂಬ್ಲಿ ನೆನಪಾಗದೆ ಇರುತ್ತದಾ? ಸೆಪ್ಟೆಂಬರ್ 5. ವೆಂಬ್ಲಿಯಲ್ಲಿ ನಡೆದ ಕೊನೆಯ ವಿಶ್ವ ಫೈನಲ್. ತೊಂಬತ್ತು ಸಾವಿರ ಜನ. ದೇಶದ ಪ್ರತಿ ಸಪೋರ್ಟರ್ಸ್ ಕ್ಲಬ್ಬಿನಿಂದ ಬಸ್ಸು ಬಂದಿತ್ತು, ಪಾರ್ಕಿಂಗ್‌ನಲ್ಲಿ ನಮ್ಮ ಬಸ್ಸು ಯಾವುದು ಅಂತ ಹುಡುಕುವುದೇ ಒಂದು ಕೆಲಸ. ನಮ್ಮ ಕೊವೆಂಟ್ರಿಯ ಇಬ್ಬರು ಡೇನ್‌ಗಳು ಕಣದಲ್ಲಿ, ಓಲೆ ಓಲ್ಸೆನ್ ಮತ್ತೆ ಟಾಮಿ ಕ್ನುಡ್ಸೆನ್. ಎದುರಿಗೆ ನಿಮ್ಮ ಕ್ರೇಡ್ಲಿಯ ಅಮೆರಿಕನ್ ಹುಡುಗ ಬ್ರೂಸ್ ಪೆನ್‌ಹಾಲ್. ಮೊದಲು ಓಲ್ಸೆನ್ ಜೊತೆ. ಓಲ್ಸೆನ್ ಮುಂದೆ, ಓಲ್ಸೆನ್ ಮುಂದೆ, ಓಲ್ಸೆನ್ ಮುಂದೆ, ಗೆರೆ ಬಂತು, ಪೆನ್‌ಹಾಲ್ ಗೆದ್ದ. ಆಮೇಲೆ ಕ್ನುಡ್ಸೆನ್ ಜೊತೆ. ಮತ್ತೆ ಅದೇ, ಗೆರೆಯ ಮೇಲೆ ಹೋಯಿತು. ಚಕ್ರದಷ್ಟೂ ಅಂತರ ಇರಲಿಲ್ಲ. ನನ್ನ ಪಕ್ಕ ನಿಂತಿದ್ದ ಕ್ರೇಡ್ಲಿಯ ಮುದುಕ ನನ್ನನ್ನು ತಬ್ಬಿಕೊಂಡು ಕುಣಿದ. ನಾನು ಕೊವೆಂಟ್ರಿಯ ಕಪ್ಪು ಹಳದಿ ಸ್ಕಾರ್ಫ್ ಹಾಕಿದ್ದೇನೆ ಅನ್ನುವುದು ಅವನಿಗೆ ಕಾಣಲೇ ಇಲ್ಲ! ಪೆನ್‌ಹಾಲ್ ಚಾಂಪಿಯನ್. ಎರಡು, ಮೂರನೇ ಜಾಗಕ್ಕೆ ನಮ್ಮವರಿಬ್ಬರೇ ರನ್ ಆಫ್ (ಪಾಯಿಂಟ್ ಸಮವಾದಾಗ ಇನ್ನೊಂದು ರೇಸ್) ಮಾಡಿಕೊಂಡರು, ಓಲ್ಸೆನ್ ಗೆದ್ದ. ಸೋತು ಬಂದ ಬಸ್ಸಿನಲ್ಲಿ ಕೊವೆಂಟ್ರಿವರೆಗೆ ಒಬ್ಬರೂ ನಿದ್ದೆ ಮಾಡಲಿಲ್ಲ. ಅಂಥ ಎರಡು ರೇಸ್ ನೋಡಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ?

ವಾಸ್ತವವಾದಿ:

ಆ ಮುದುಕ ನಮ್ಮ ಕ್ರೇಡ್ಲಿಯ ಡಡ್ಲಿ ವುಡ್ ಸ್ಟೇಡಿಯಂನವನೇ ಇರಬೇಕು. ನಾನೂ ಅಲ್ಲಿದ್ದೆ, ಎದುರು ಕಡೆ. ಎರಡನೇ ರೇಸಿನಲ್ಲಿ ಪೆನ್‌ಹಾಲ್ ಕೈ ಎತ್ತಿದ ಮೇಲೂ ಗೆದ್ದಿದ್ದು ಅವನೇ ಅಂತ ನಂಬಿಕೆ ಬರಲಿಲ್ಲ.

ಡಡ್ಲಿ ವುಡ್ 1995ರಲ್ಲಿ ಹೋಯಿತು. ಆ ಸಣ್ಣ ಊರು ವಿಶ್ವ ಚಾಂಪಿಯನ್‌ಗಳನ್ನು ಸಾಕಿತ್ತು. ಪೆನ್‌ಹಾಲ್, ಗುಂಡರ್ಸನ್, ಆಮೇಲೆ ಹ್ಯಾಮಿಲ್, ಹ್ಯಾನ್‌ಕಾಕ್ ಕೂಡ ನಮ್ಮ ಹುಡುಗರೇ. ಮುಂದಿನ ವರ್ಷ ಸ್ಟೋಕ್‌ಗೆ ಹೋಗಿ "ಹೋಮ್" ಮ್ಯಾಚ್ ನೋಡಬೇಕಾಯಿತು. ಹೋಮ್ ಮ್ಯಾಚಿಗೂ ಬಸ್ಸು ಹಿಡಿಯಬೇಕು. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಫ್ಲಾಸ್ಕ್ ಕಾಫಿ:

ಈಗ ಉಳಿದಿರುವುದು ಎಲ್ಲಿ? 2019ರ ನಂತರ ಸ್ವಿಂಡನ್ ಇಲ್ಲ. 2023ರಲ್ಲಿ ವುಲ್ವರ್‌ಹ್ಯಾಂಪ್ಟನ್ ಮತ್ತು ಪೀಟರ್‌ಬರೋ ಎರಡೂ ಹೋದವು. ಸುದ್ದಿ ಓದುವುದನ್ನೇ ಬಿಟ್ಟಿದ್ದೇನೆ.

ಬ್ರಾಂಡನ್ ಬೆಂಚು:

ಬಿಡಬೇಡಿ. ಆಕ್ಸ್‌ಫರ್ಡ್ 2007ರಲ್ಲಿ ಮುಚ್ಚಿತ್ತು, 2022ರಲ್ಲಿ ಕೌಲಿಯ ಅದೇ ಟ್ರ್ಯಾಕ್‌ನಲ್ಲಿ ಮತ್ತೆ ಶುರುವಾಯಿತು. ಹದಿನೈದು ವರ್ಷದ ಮೇಲೆ! ಬ್ರಾಂಡನ್ ಪಾಳು ಬಿದ್ದಿದೆ, ಬೆಂಕಿಯೂ ಬಿತ್ತು. ಆದರೆ ಅಲ್ಲಿ ಮನೆ ಕಟ್ಟುವ ಅರ್ಜಿಗೆ ರಗ್ಬಿ ಊರಿನ ಬರೋ ಕೌನ್ಸಿಲ್ 2022ರಲ್ಲಿ ಒಪ್ಪಿಗೆ ಕೊಡಲಿಲ್ಲ. ಸ್ಟೇಡಿಯಂ ಉಳಿಸಲು ನಮ್ಮವರು ವರ್ಷಗಟ್ಟಲೆ ಕಾಗದ ಪತ್ರ ಹಿಡಿದು ಓಡಾಡಿದ್ದಾರೆ. ನಾನೂ ಆಕ್ಷೇಪಣೆ ಪತ್ರ ಬರೆದವನೇ. ಇನ್ನೂ ಬೇಕಾದರೂ ಬರೆಯುತ್ತೇನೆ.

ಎರಡನೇ ತಲೆಮಾರು:

ಅಪ್ಪನನ್ನು ಒಂದು ಮ್ಯಾಚಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಈ ಬೇಸಿಗೆಯಲ್ಲಿ. ಎಲ್ಲಿಗೆ ಹೋಗಲಿ? ಎಲ್ಲಿ ನಿಲ್ಲಬೇಕು?

ಹೈಡ್ ರೋಡ್ ಡಾಕ್ಟರ್:

ಮ್ಯಾಂಚೆಸ್ಟರ್‌ಗೆ ಬನ್ನಿ. ಬೆಲ್ ವ್ಯೂ 2016ರಿಂದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂನಲ್ಲಿದೆ. ಹಿಂದಿನಿಂದ ಬಂದು ದಾಟುವುದನ್ನು ಇವತ್ತೂ ನೋಡಬೇಕು ಅಂದರೆ ಅದೇ ಜಾಗ. ಮೊದಲ ಎರಡು ರೇಸ್ ಸ್ಟ್ಯಾಂಡಿನಲ್ಲಿ ಕೂತು ಅಪ್ಪನಿಗೆ ಪ್ರೋಗ್ರಾಂ ತುಂಬಲು ಬಿಡಿ. ಮೂರನೇ ರೇಸಿಗೆ ಗೇಟಿನ ಎದುರಿಗೆ ಬನ್ನಿ. ರೈಡರ್‌ಗಳು ಬೂಟಿನಿಂದ ಮಣ್ಣು ಕೆರೆದು ಚಕ್ರಕ್ಕೆ ಜಾಗ ಮಾಡಿಕೊಳ್ಳುವುದನ್ನು ನೋಡಿ. ಹಸಿರು ದೀಪ ಬಂದ ಮೇಲೆ ಅವರು ಟೇಪ್ ಬಿಟ್ಟು ಬೇರೇನೂ ನೋಡುವುದಿಲ್ಲ. ಆಮೇಲೆ ಮೊದಲ ತಿರುವಿಗೆ ಹೋಗಿ, ಕೊನೆಯವರೆಗೆ ಅಲ್ಲೇ ಇರಿ. ದಿನ ಗೊತ್ತಾದರೆ ಇಲ್ಲಿ ಬರೆಯಿರಿ, ನಾನು ಸ್ಟೇಷನ್ನಿಗೆ ಕಾರ್ ತರುತ್ತೇನೆ.

ಬ್ರಾಂಡನ್ ಬೆಂಚು:

ಕೊವೆಂಟ್ರಿಯಿಂದ ನಾನೂ ಬರುತ್ತೇನೆ. ಲೆಸ್ಟರಿನವರನ್ನೂ ಹತ್ತಿಸಿಕೊಳ್ಳಬಹುದು, ಸ್ವಲ್ಪ ಸುತ್ತು ಆಗುತ್ತದೆ ಅಷ್ಟೆ. ಯಾರು ಯಾರು ಬರುತ್ತೀರಿ ಹೇಳಿ.

ಫ್ಲಾಸ್ಕ್ ಕಾಫಿ:

ಲೆಸ್ಟರಿನಿಂದ ಒಬ್ಬಳು ಅಂತ ಬರೆದುಕೊಳ್ಳಿ. ಚಿತ್ರಾನ್ನ ಎಷ್ಟು ಜನಕ್ಕೆ ಮಾಡಲಿ?